ಲಿಸ್ಸಿಯ ಬಾಡಿಗೆ ಮನೆಯಲ್ಲಿ ಹದಿನೆಂಟು ದಿನ

ಚಾಮರಾಜನಗರ

ವಿಯೆನ್ನಾದಿಂದ ಬಂದ ಮೂರನೆಯ ದಿನ ಹೊಲಿಗೆ ಅಂಗಡಿಯ ಬಾಗಿಲು ತೆಗೆದೆ. ಬ್ಲೌಸಿನ ಅಳತೆ ಕೊಡಲು ಚಂದಕವಾಡಿಯಿಂದ ಪುಟ್ಟಮ್ಮ ಬಂದಿದ್ದಳು. ಅವಳಿಗೆ ಅರಮನೆಯ ಫೋಟೊ ತೋರಿಸೋಣವೆಂದು ಫೋನು ತೆಗೆದೆ. ಅವಳು ಅದರ ಮೇಲೆ ಒಂದು ಸಲ ಕಣ್ಣಾಡಿಸಿ, "ಅದಿರ್ಲಿ ಗೌರಕ್ಕ, ನಿನ್ ಸ್ನೇಯ್ತಿ ಅಲ್ಲಿ ಸ್ವಂತ ಮನೇಲವಳೋ, ಬಾಡ್ಗ ಮನೇಲವಳೋ?" ಎಂದಳು.

ಬಾಡಿಗೆ ಮನೆ ಅಂದೆ.

"ಅಯ್ಯೋ ಶಿವನೆ, ಅಷ್ಟ್ ವರ್ಸ ಫಾರಿನ್ನಲ್ಲಿ ದುಡುದೂ ಬಾಡ್ಗ ಮನಯಾ? ಪಾಪ."

ಪಾಪ ಅಲ್ಲ ಕಣೆ ಎಂದು ಹೇಳಲು ಹೊರಟು ಅರ್ಧ ಗಂಟೆ ಮಾತಾಡಿದೆ. ಅಳತೆ ಟೇಪು ಕೊರಳಲ್ಲೇ ಇತ್ತು. ಅವಳು ಹೋದ ಮೇಲೂ ಹೇಳುವುದು ಮುಗಿದಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ. ನನಗೀಗ ಅರವತ್ತೆರಡು. ನಮ್ಮ ಯಜಮಾನರು ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು. ಒಬ್ಬಳೇ ಮಗಳು, ಉಮ್ಮತ್ತೂರಿಗೆ ಕೊಟ್ಟಿದ್ದೇವೆ. ಮದುವೆಯಾದ ಮೇಲಿನ ಮೂವತ್ತೆಂಟು ವರ್ಷಗಳಲ್ಲಿ ನಾವು ಒಂಬತ್ತು ಬಾಡಿಗೆ ಮನೆಗಳಲ್ಲಿ ಇದ್ದೇವೆ. ಐದು ಗುಂಡ್ಲುಪೇಟೆಯಲ್ಲಿ, ನಾಲ್ಕು ಚಾಮರಾಜನಗರದಲ್ಲಿ. ಪ್ರತಿ ಮನೆಯ ಹೊಸ್ತಿಲ ಎತ್ತರ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಓನರಮ್ಮನ ಕೆಮ್ಮು ನನಗೆ ಇನ್ನೂ ನೆನಪಿದೆ.

ಗುಂಡ್ಲುಪೇಟೆಯ ಎರಡನೆಯ ಮನೆ ಒಂದು ವಠಾರ. ಒಂದೇ ಸಾಲಿನಲ್ಲಿ ಆರು ಮನೆ, ಹಿತ್ತಿಲಲ್ಲಿ ಒಂದು ಬಚ್ಚಲು. ನಮ್ಮ ಪಕ್ಕದ ಮನೆಯಲ್ಲಿ ವಯನಾಡಿನ ಕಡೆಯಿಂದ ಬಂದು ಊಟಿ ರಸ್ತೆಯಲ್ಲಿ ಬೇಕರಿ ಇಟ್ಟಿದ್ದ ಒಬ್ಬರ ಸಂಸಾರ ಇತ್ತು. ಅವರ ದೊಡ್ಡ ಮಗಳೇ ಲಿಸ್ಸಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನಡುವಿನ ಗೋಡೆ ಎಷ್ಟು ತೆಳುವಾಗಿತ್ತೆಂದರೆ ನಾನು ಒಗ್ಗರಣೆ ಹಾಕಿದರೆ ಅವಳು ಸೀನುತ್ತಿದ್ದಳು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಇಪ್ಪತ್ತಾರನೆಯ ವಯಸ್ಸಿಗೆ ವಿಯೆನ್ನಾಕ್ಕೆ ಹೋದಳು. ಮದುವೆಯಾಗಲಿಲ್ಲ. ಕಾಗದ ನಿಲ್ಲಿಸಲಿಲ್ಲ. ಕಾಗದ ಹೋಗಿ ಫೋನು ಬಂತು. ಈ ವರ್ಷ ಅವಳಿಗೆ ನಿವೃತ್ತಿ. "ನನ್ ಕೊನೇ ಡ್ಯೂಟಿ ದಿನ ನಮ್ಮೂರೋರು ಒಬ್ರಾದ್ರೂ ಇರ್ಬೇಕು ಗೌರಕ್ಕ. ನಂಗೆ ಊರು ಅಂದ್ರೆ ನೀನೇ ಕಣೆ" ಎಂದು ಟಿಕೆಟ್ಟನ್ನೂ ಕಳಿಸಿಬಿಟ್ಟಳು.

ತೊಡಕು ಶುರುವಾದದ್ದು ಬೆಂಗಳೂರಿನ ವೀಸಾ ಕೌಂಟರಿನಲ್ಲಿ. ನಾನು ಹೋದವಳು ವಾಪಸು ಬರುತ್ತೇನೆ ಎನ್ನುವುದಕ್ಕೆ ಪುರಾವೆ ಬೇಕಿತ್ತು. "ಸ್ವಂತ ಮನೆ ಪತ್ರ ಇದ್ರೆ ಕೊಡಿ ಆಂಟಿ" ಎಂದಳು ಅಲ್ಲಿದ್ದ ಹುಡುಗಿ. ಇಲ್ಲ ಅಂದೆ. ಜಮೀನು? ಇಲ್ಲ. ಅವಳಿಗೂ ಬೇಜಾರಾಯಿತು. ಕೊನೆಗೆ ಬಾಡಿಗೆ ಕರಾರಿನ ಜೊತೆಗೆ ಮನೆ ಮಾಲೀಕರ ಕಾಗದ ತಂದರೆ ನೋಡೋಣ ಎಂದಳು.

ನಮ್ಮ ಮನೆಯ ಮಾಲೀಕರು ನಂಜುಂಡಪ್ಪನವರು. ಅರಿಶಿನದ ವ್ಯಾಪಾರಿ. ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿಯೇ ಇದ್ದಾರೆ. ಬೆಳಗಿನ ಶಿವಪೂಜೆ ಮುಗಿಸಿ ಹಣೆತುಂಬ ವಿಭೂತಿಯಲ್ಲಿ ಇಳಿದು ಬಂದವರು ನನ್ನ ಮಾತು ಕೇಳಿ ನಕ್ಕರು. "ನೀವು ವಾಪಸ್ ಬತ್ತೀರಿ ಅಂತ ನಾನ್ ಬರ್ಕೊಡದಾ? ಬರ್ನಿಲ್ಲ ಅಂದ್ರ ನನ್ನ ಇಡ್ಕತ್ತಾರ?" ಆದರೂ ಬರೆದುಕೊಟ್ಟರು. 'ಸದರಿ ಗೌರಮ್ಮನವರು ಏಳು ವರ್ಷದಿಂದ ನಮ್ಮ ಮನೆಯಲ್ಲಿ ವಾಸವಿದ್ದು, ಬಾಡಿಗೆ ಸರಿಯಾಗಿ ಕೊಡುತ್ತಾ, ಒಳ್ಳೆಯ ನಡತೆಯವರಾಗಿರುತ್ತಾರೆ.' ಅದನ್ನು ಓದುವಾಗ ನನಗೆ ಶಾಲೆ ಬಿಡುವಾಗ ಕೊಟ್ಟ ಸರ್ಟಿಫಿಕೇಟು ನೆನಪಾಯಿತು. ವೀಸಾ ಬಂತು.

ವಿಯೆನ್ನಾ, ಮೊದಲ ದಿನ

ವಿಮಾನದ ವಿಚಾರ ಬಿಡುತ್ತೇನೆ. ಹೊರಗೆ ಲಿಸ್ಸಿ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕತ್ತರಿಸಿಕೊಂಡಿದ್ದಳು. ಬಾಯಿ ತೆರೆದ ಕೂಡಲೇ ನನಗೆ ನಗು ಬಂತು. ಮೂವತ್ತು ವರ್ಷದ ಹಿಂದಿನ ಗುಂಡ್ಲುಪೇಟೆಯ ಮಾತನ್ನು ಅವಳು ಡಬ್ಬಿಯಲ್ಲಿ ಹಾಕಿ ಮುಚ್ಚಳ ಭದ್ರ ಮಾಡಿ ಇಟ್ಟುಕೊಂಡಂತಿತ್ತು. "ಬಂದ್ಬುಟ್ಯಾ ಗೌರಕ್ಕ! ಎಂಟೆ ದೈವಮೇ, ಎಷ್ಟ್ ಸಣ್ಣ ಆಗೋಗಿದ್ದೀಯ. ಬಾ ಓಗನ." ನಡುವೆ 'ನನ್ನ ದೇವರೇ' ಎಂದದ್ದು ಮಾತ್ರ ಅವಳ ಮನೆಯ ಮಲಯಾಳದಲ್ಲಿ. ನಮ್ಮ ಹುಡುಗಿಯರೇ ಈಗ ಹೀಗೆ ಮಾತಾಡುವುದಿಲ್ಲ.

ಟ್ರಾಮಿನಿಂದ ಇಳಿದಾಗ ಎದುರಿಗಿದ್ದ ಕಟ್ಟಡ ಕೋಟೆಯಂತಿತ್ತು. ಕಮಾನಿನ ಹೆಬ್ಬಾಗಿಲು, ಒಳಗೆ ನಮ್ಮ ಜಾತ್ರೆ ಮಾಳದಷ್ಟು ದೊಡ್ಡ ಅಂಗಳ, ಅದರಲ್ಲಿ ಬೆಂಚುಗಳು, ಮಕ್ಕಳ ಜೋಕಾಲಿ. ಸುತ್ತ ನಾಲ್ಕು ಕಡೆಯೂ ಮನೆಗಳು. ಇದು ಯಾವ ಸಾಹುಕಾರನ ಬಂಗಲೆ ಎಂದು ಕೇಳಿದೆ.

"ಸಾವ್ಕಾರನ್ದಲ್ಲ. ಈ ಊರಿಂದೇ. ನೂರ್ ವರ್ಷದ್ ಇಂದೆ ನಗರಸಭೆಯೋರು ಕಟ್ಸವ್ರೆ. ಕೂಲಿ ಮಾಡೋರು, ಟ್ರಾಮ್ ಓಡ್ಸೋರು, ನನ್ನಂತ ನರ್ಸುಗಳು, ಎಲ್ಲಾ ಬಾಡ್ಗೇಗವ್ರೆ."

ಅವಳ ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ಅಡುಗೆಮನೆ, ಸಣ್ಣ ಬಚ್ಚಲು. ಕಿಟಕಿಯಲ್ಲಿ ಅಂಗಳ ಕಾಣುತ್ತದೆ. ಚಿಕ್ಕದೇ. ಆದರೆ ಅದರಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಅಡುಗೆಮನೆಯ ಗೋಡೆ ಇರಬೇಕಿದ್ದ ಜಾಗಕ್ಕೆ. ಒಂದು ಗೋಡೆಯನ್ನು ಪೂರ್ತಿ ಒಡೆದು ಅವಳು ಕೋಣೆಯನ್ನು ದೊಡ್ಡದು ಮಾಡಿಸಿಕೊಂಡಿದ್ದಳು! ಬಾಡಿಗೆ ಮನೆಯ ಗೋಡೆ!

"ಒಪ್ಗೆ ತಗಂಡು ಮಾಡ್ಸಿದ್ದು ಕಣೆ. ಇಪ್ಪತ್ತೆರಡು ವರ್ಷ ಆಯ್ತು ಇಲ್ಲಿಗ್ ಬಂದು. ಕರಾರಿಗೆ ಕೊನೇ ತಾರೀಕಿಲ್ಲ."

ಕೊನೆಯ ತಾರೀಕಿಲ್ಲ ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ಬಾಡಿಗೆ ಎಷ್ಟು ಎಂದು ಕೇಳುವ ಆಸೆ ನಾಲಗೆಯ ತುದಿಗೆ ಬಂದು ನಿಂತಿತು. ಬಂದ ದಿನವೇ ಕೇಳುವುದು ಚೆನ್ನಲ್ಲವೆಂದು ಚಪಾತಿ ತಿಂದು ಮಲಗಿದೆ.

ಮೆಟ್ಟಿಲುಗಳು

ಆ ಕೋಟೆಯಲ್ಲಿ ಮೆಟ್ಟಿಲ ಸಾಲುಗಳು ಹದಿನಾಲ್ಕಿವೆ. ಎಲ್ಲ ಒಂದೇ ಥರ. ಮೂರನೆಯ ದಿನ ಬೆಳಗ್ಗೆ ಲಿಸ್ಸಿ ಡ್ಯೂಟಿಗೆ ಹೋದ ಮೇಲೆ ಅಂಗಳದಲ್ಲಿ ಕೂತು ಬಿಸಿಲು ಕಾಯಿಸಿಕೊಂಡು ವಾಪಸು ಹತ್ತಿದವಳು ಬೇರೆ ಸಾಲು ಹತ್ತಿದ್ದೆ. ಮೂರನೆಯ ಮಹಡಿಯಲ್ಲಿ ಎಡಗಡೆಯ ಬಾಗಿಲಿಗೆ ಕೀಲಿ ಹಾಕಿ ತಿರುಗಿಸುತ್ತಲೇ ಇದ್ದೇನೆ, ತಿರುಗುತ್ತಿಲ್ಲ. ಒಳಗಿಂದ ನಾಯಿ ಬೊಗಳಿತು. ಬಾಗಿಲು ತೆರೆದ ಹೆಂಗಸು ಮೇಲಿಂದ ಕೆಳಗೆ ನನ್ನ ಸೀರೆ, ಅದರ ಮೇಲಿನ ಸ್ವೆಟರು, ಕಾಲಿನ ಸಾಕ್ಸು ಚಪ್ಪಲಿ ನೋಡಿದಳು. ಬೈಯುತ್ತಾಳೆಂದುಕೊಂಡೆ. ನಾಯಿಯನ್ನು ಒಳಗೆ ತಳ್ಳಿ, ನನ್ನ ಕೀಲಿಯ ಮೇಲಿದ್ದ ನಂಬರು ಓದಿ, ಕೈ ಹಿಡಿದು ಅಂಗಳ ದಾಟಿಸಿ ಲಿಸ್ಸಿಯ ಬಾಗಿಲವರೆಗೆ ಬಿಟ್ಟು ಹೋದಳು. ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು. ನಾನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಇಬ್ಬರಿಗೂ ತೃಪ್ತಿಯಾಯಿತು.

ಮೆಟ್ಟಿಲಲ್ಲಿ ಎದುರಾದವರೆಲ್ಲ ನಮಸ್ಕಾರ ಹೇಳುತ್ತಾರೆ. ಹೇಳಿ ಮುಂದೆ ಹೋಗುತ್ತಾರೆ. ಊಟ ಆಯಿತೇ, ಎಲ್ಲಿಗೆ ಹೊರಟಿರಿ, ನಿಮ್ಮನೆಗೆ ನೆನ್ನೆ ಬಂದವರು ಯಾರು ಎಂದು ಕೇಳುವುದಿಲ್ಲ. ಎರಡು ದಿನ ಇದು ಹಾಯೆನಿಸಿತು. ಮೂರನೆಯ ದಿನ ಯಾರಾದರೂ ಕೇಳಬಾರದೇ ಅನ್ನಿಸಿತು.

ಭಾನುವಾರ

ಭಾನುವಾರ ಬೆಳಗ್ಗೆ ಕಾಯಿ ಚಟ್ನಿ ಮಾಡೋಣವೆಂದು ಮಿಕ್ಸಿಯ ಸ್ವಿಚ್ಚು ಒತ್ತಿದೆ. ಲಿಸ್ಸಿ ಸ್ನಾನದ ಮನೆಯಿಂದ ತಲೆಗೆ ಟವೆಲು ಸುತ್ತಿಕೊಂಡು ಓಡಿ ಬಂದು ಆರಿಸಿದಳು. "ಇವತ್ತು ಸದ್ದು ಮಾಡಂಗಿಲ್ಲ ಗೌರಕ್ಕ. ಭಾನ್ವಾರ ಎಲ್ರಿಗೂ ರೆಸ್ಟು." ತಟ್ಟೆಯಲ್ಲಿ ಆಗಲೇ ಇಡ್ಲಿ ಇತ್ತು. ಸಕ್ಕರೆ ಹಾಕಿಕೊಂಡು ತಿಂದೆವು. ಅಂಗಡಿಗಳೂ ಮುಚ್ಚಿದ್ದವು. ಅಷ್ಟು ದೊಡ್ಡ ಊರು ಬಾಯಿಗೆ ಬೆರಳಿಟ್ಟುಕೊಂಡು ಕೂತಂತಿತ್ತು. ಚಾಮರಾಜನಗರದಲ್ಲಿ ಭಾನುವಾರ ನಮ್ಮ ಬೀದಿಯಲ್ಲಿ ಮೂರು ಮೈಕು ಒಟ್ಟಿಗೆ ಕೂಗುತ್ತವೆ.

ಈ ನಿಯಮಗಳನ್ನೆಲ್ಲ ಮೆಟ್ಟಿಲ ಕೆಳಗೆ ಒಂದು ಹಾಳೆಯಲ್ಲಿ ಬರೆದು ಅಂಟಿಸಿದ್ದಾರೆ. ಯಾವ ಮನೆಯವರು ಯಾವ ದಿನ ಬಟ್ಟೆ ಒಗೆಯುವ ಕೋಣೆ ಬಳಸಬೇಕು, ಕಸ ಎಲ್ಲಿ, ಸೈಕಲ್ಲು ಎಲ್ಲಿ. ಲಿಸ್ಸಿ ಒಂದೊಂದಾಗಿ ಓದಿ ಹೇಳಿದಳು. ಬಾಡಿಗೆ ಮನೆಯ ಷರತ್ತು ನನಗೆ ಹೊಸದಲ್ಲ. ನಮ್ಮಲ್ಲಿ ಅದು ಮಾಲೀಕರ ಬಾಯಲ್ಲಿರುತ್ತದೆ. ಮಾಂಸ ಬೇಯಿಸಬಾರದು ಎಂದು ಒಬ್ಬರು, ಒಂಬತ್ತು ಗಂಟೆಗೆ ಗೇಟು ಹಾಕುತ್ತೇವೆ ಎಂದು ಇನ್ನೊಬ್ಬರು, ನೆಂಟರು ಎರಡು ದಿನಕ್ಕಿಂತ ಹೆಚ್ಚು ಇರಬಾರದು ಎಂದು ಮತ್ತೊಬ್ಬರು. ಷರತ್ತು ಮುರಿದಾಗಲೇ ಅದು ಇತ್ತೆಂದು ನಮಗೆ ಗೊತ್ತಾಗುವುದು. ಗೋಡೆಯ ಮೇಲೆ ಬರೆದು ಎಲ್ಲರಿಗೂ ಒಂದೇ ಎಂದಿದ್ದರೆ ಎಷ್ಟು ಕಷ್ಟವಾದರೂ ಹೊಂದಿಕೊಳ್ಳಬಹುದು ಅನ್ನಿಸಿತು.

ಬಚ್ಚಲು ತೊಳೆದ ದಿನ

ಅನ್ನ ಹಾಕುತ್ತಿರುವ ಮನೆಯಲ್ಲಿ ಸುಮ್ಮನೆ ಕೂರುವುದು ನನಗೆ ಆಗದು. ಬಂದ ಎಂಟನೆಯ ದಿನ, ಲಿಸ್ಸಿ ಆಸ್ಪತ್ರೆಗೆ ಹೋದ ಮೇಲೆ, ಅವಳ ಬಚ್ಚಲು ತೊಳೆಯಲು ಹೊರಟೆ. ಅಲ್ಲಿಯವರು ಬಚ್ಚಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುತ್ತಾರೆ. ಅದು ನನ್ನ ಮನಸ್ಸಿಗೆ ಹಿಡಿಸಿರಲಿಲ್ಲ. ಸೀರೆ ಎತ್ತಿ ಕಟ್ಟಿ, ಸೋಪಿನ ಪುಡಿ ಎರಚಿ, ಉಜ್ಜಿ, ನಾಲ್ಕು ಬಕೆಟ್ಟು ನೀರು ಧಾರಾಳವಾಗಿ ಹೊಯ್ದೆ.

ನೀರು ಹೋಗಲಿಲ್ಲ.

ಮೂಲೆ ಮೂಲೆ ಬಗ್ಗಿ ನೋಡಿದೆ. ನೆಲದಲ್ಲಿ ಮೋರಿಯ ತೂತೇ ಇಲ್ಲ! ಸ್ನಾನದ ತೊಟ್ಟಿಗೆ ಮಾತ್ರ ಇದೆ. ನೆಲದ ಮೇಲೆ ನೀರು ಬೀಳುತ್ತದೆಂದು ಆ ಮನೆ ಕಟ್ಟಿದವರು ಅಂದುಕೊಂಡೇ ಇಲ್ಲ. ನೀರು ಕೊಳದಂತೆ ನಿಂತು, ಹೊಸ್ತಿಲು ದಾಟಿ, ಮರದ ಹಲಗೆಯ ನೆಲದ ಕಡೆ ಹರಿಯತೊಡಗಿತು. ಕೈಗೆ ಸಿಕ್ಕ ಟವೆಲು, ಬೆಡ್‌ಶೀಟು, ಕೊನೆಗೆ ನನ್ನ ಎರಡು ಸೀರೆ ಹಾಕಿ ಹಿಂಡಿ ಹಿಂಡಿ ತೆಗೆದೆ. ಮುಗಿಯಿತು ಎಂದು ಉಸಿರು ಬಿಡುವಾಗ ಬಾಗಿಲ ಗಂಟೆ ಸದ್ದಾಯಿತು.

ಇಣುಕುವ ಗಾಜಿನಲ್ಲಿ ನೋಡಿದೆ. ಕೆಳಗಿನ ಮನೆಯ ಮುದುಕರು. ಎತ್ತರದ ಆಳು, ದಪ್ಪ ಮೀಸೆ. ಗಂಟೆ ಮತ್ತೆ ಬಾರಿಸಿ ಗಟ್ಟಿಯಾಗಿ ಏನೋ ಕೂಗಿದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು, "ಲಿಸ್ಸಿ ನೋ! ಲಿಸ್ಸಿ ಆಸ್ಪತ್ರೆ!" ಎಂದೆ. ಸ್ವಲ್ಪ ಹೊತ್ತು ನಿಂತಿದ್ದು ಇಳಿದು ಹೋದರು.

ಅವರ ಹೆಜ್ಜೆ ಸದ್ದು ನಿಲ್ಲುವವರೆಗೂ ಬಾಗಿಲು ಒತ್ತಿ ಹಿಡಿದಿದ್ದೆ. ಇದನ್ನು ಓದುವವರಿಗೆ ಇಷ್ಟಕ್ಕೇ ಇಷ್ಟು ಹೆದರಿಕೆಯೇ ಎನ್ನಿಸಬಹುದು. ಗುಂಡ್ಲುಪೇಟೆಯ ವಠಾರದಲ್ಲಿ ನನ್ನ ಮಗಳು ಹುಟ್ಟಿದ ಎರಡನೆಯ ತಿಂಗಳು, ಓನರಮ್ಮ ಬಾಗಿಲಲ್ಲಿ ನಿಂತು, "ಮಗು ಆದ್ಮೇಲೆ ನಿಮ್ಮನೇಗೆ ನೀರು ಜಾಸ್ತಿ ಖರ್ಚಾಯ್ತಾ ಅದೆ. ಬೇರೆ ಮನೆ ನೋಡ್ಕಳಿ" ಎಂದಿದ್ದರು. ಗಂಡ ಕಾಡಿನ ಡ್ಯೂಟಿಯಲ್ಲಿದ್ದರು. ಹತ್ತು ದಿನದ ಗಡುವು. ಊರೆಲ್ಲ ಅಲೆದು ಸಿಕ್ಕಿದ್ದು ಕಲ್ನಾರು ಶೀಟಿನ ಮನೆ. ಹೋಗುವ ದಿನ ಗಾಡಿಯ ಹಿಂದೆ ನಾನು ಪಾತ್ರೆಯ ಮೂಟೆ ಹೊತ್ತು ನಡೆದರೆ, ಮಗುವನ್ನು ಎತ್ತಿಕೊಂಡು ಬಂದವಳು ಲಿಸ್ಸಿ. ನೀರು ಚೆಲ್ಲಿದ ತಪ್ಪಿಗೆ ಮನೆ ಹೋಗುತ್ತದೆ ಎನ್ನುವುದು ನಾನು ಕೇಳಿದ ಮಾತಲ್ಲ, ಕಂಡದ್ದು.

ಈಗ ನನ್ನಿಂದ ಲಿಸ್ಸಿಯ ಮನೆ ಹೋಗುತ್ತದೆ ಎಂದು ನನಗೆ ಖಚಿತವಾಯಿತು. ಇಪ್ಪತ್ತೆರಡು ವರ್ಷದ ಮನೆ. ನಿವೃತ್ತಿಗೆ ನಾಲ್ಕು ದಿನ ಇರುವಾಗ. ನಾನು ಹೊರಟು ಹೋದರೆ, ತಪ್ಪು ಮಾಡಿದವಳು ಹೋದಳೆಂದಾದರೂ ಅವಳು ಹೇಳಿಕೊಳ್ಳಬಹುದು ಎಂದು ಸೂಟ್‌ಕೇಸು ತುಂಬಿಸಿದೆ. ಹಿಂಡಿದ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು ಎಂದು ಯೋಚಿಸಲೇ ಇಲ್ಲ. ಸೂಟ್‌ಕೇಸಿನ ಮೇಲೆ ಕೂತುಬಿಟ್ಟೆ.

ನಾಲ್ಕು ಗಂಟೆಗೆ ಲಿಸ್ಸಿ ಬಂದಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಬಚ್ಚಲು ನೋಡಿದಳು, ಸೂಟ್‌ಕೇಸು ನೋಡಿದಳು.

"ಇದ್ಯಾಕೆ ಕಟ್ಟಿದ್ದೀಯ?"

"ಓನರ್ ಬಂದ್ರೆ ನಾನಿರಬಾರ್ದು ಅಂತ. ನಿನ್ನ ಖಾಲಿ ಮಾಡ್ಸಿಬಿಟ್ರೆ ಏನ್ ಮಾಡ್ತೀಯ ಲಿಸ್ಸಿ?"

"ಯಾರು ಖಾಲಿ ಮಾಡ್ಸದು? ಗೌರಕ್ಕ, ನೀರು ಚೆಲ್ಲಿದ್ಕೆ ಯಾರ್ನೂ ಖಾಲಿ ಮಾಡ್ಸಾಕಾಗಲ್ಲ ಇಲ್ಲಿ. ಬಾಡ್ಗೆ ಕಟ್ದೆ ಇದ್ರೆ ಬೇರೆ ಮಾತು. ಅದ್ಕೂ ಕೋರ್ಟಿಗೆ ಓಗ್ಬೇಕು. ಚಾವಣಿ ಆಳಾಗಿದ್ರೆ ಇನ್ಶೂರೆನ್ಸ್ ಅದೆ. ಏಳು, ಮೊದ್ಲು ಕಾರ್ಲ್‌ನ ಮಾತಾಡ್ಸನ."

ಕಾರ್ಲ್ ಎಂದರೆ ಆ ಮೀಸೆಯವರು. ಟ್ರಾಮ್ ಓಡಿಸುತ್ತಿದ್ದು ನಿವೃತ್ತರಾದವರು. ಒಬ್ಬರೇ ಇದ್ದಾರೆ. ಅವರ ಹಜಾರದ ಚಾವಣಿಯಲ್ಲಿ ತಟ್ಟೆಯಗಲ ಕಂದು ಕಲೆ ಮೂಡಿತ್ತು. ಕೆಳಗೆ ಸೂಪು ಮಾಡುವ ಪಾತ್ರೆ ಇಟ್ಟಿದ್ದರು. ಅದರಲ್ಲಿ ಎರಡು ಲೋಟ ನೀರಿತ್ತು. ನಾನು ಕೈ ಮುಗಿದು ನಿಂತೆ. ಅವರು ಲಿಸ್ಸಿಯ ಹತ್ತಿರ ಮಾತಾಡಿದರು. ಲಿಸ್ಸಿ ಅದನ್ನು ಅವಳ ಹಳೆಯ ಗುಂಡ್ಲುಪೇಟೆಗೆ ತಿರುಗಿಸಿದಳು.

"ಅವರು ಏಳ್ತಾವ್ರೆ, ನಾನು ಗಂಟೆ ಬಾರ್ಸಿದ್ದು ಬೈಯಾಕಲ್ಲ. ಮೇಲೆ ಒಬ್ರೇ ನೆಂಟ್ರವ್ರೆ ಅಂತ ಗೊತ್ತಿತ್ತು, ಬಚ್ಚಲಲ್ಲಿ ಜಾರಿ ಬಿದ್ಬುಟ್ರೇನೋ ಅಂತ ನೋಡಾಕ್ ಬಂದೆ. ದನಿ ಗಟ್ಟಿಯಾಗಿತ್ತು, ಸರಿ ಬದ್ಕವ್ರೆ ಅಂತ ಇಳ್ದೋದೆ ಅಂತ."

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಕಾರ್ಲ್ ಗಾಬರಿಯಾಗಿ ಕರವಸ್ತ್ರ ಹುಡುಕತೊಡಗಿದರು. ಸಿಗಲಿಲ್ಲ. ಪಾತ್ರೆ ಒರೆಸುವ ಬಟ್ಟೆ ಕೊಟ್ಟರು.

ಕಾರ್ಲ್ ಮನೆಯ ಕೇಕು

ಲಿಸ್ಸಿಯ ಕೊನೆಯ ಡ್ಯೂಟಿಗೆ ನಾನೂ ಜೊತೆಗೆ ಹೋಗಿ ಬಂದ ಮರುದಿನ ಮಧ್ಯಾಹ್ನ ಕಾರ್ಲ್ ನಮ್ಮನ್ನು ಕಾಫಿಗೆ ಕರೆದರು. ನಡುವೆ ತೂತಿರುವ, ಬಂಗಾರದ ಬಣ್ಣದ ದೊಡ್ಡ ಗುಂಡು ಕೇಕನ್ನು ಅವರೇ ಬೇಯಿಸಿದ್ದರು. ಲಿಸ್ಸಿಯ ಜೊತೆ ಕೆಲಸ ಮಾಡುತ್ತಿದ್ದ ಮಿಲಾ ಎಂಬ ನರ್ಸು ಕೂಡ ಬಂದಿದ್ದಳು. ಸರ್ಬಿಯಾದವಳು, ಮೂವತ್ತು ವಯಸ್ಸಿರಬಹುದು. ಹೊತ್ತು ಕಳೆದಂತೆ ನನ್ನ ಸಂಕೋಚ ಹೋಯಿತು. ಹನ್ನೆರಡು ದಿನದಿಂದ ಹೊಟ್ಟೆಯಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಲಿಸ್ಸಿ, ಇವರು ಬಾಡಿಗೆ ಎಷ್ಟು ಕೊಡ್ತಾರೆ ಕೇಳು. ತಪ್ಪು ತಿಳ್ಕೋಬಾರದು ಅಂತನೂ ಹೇಳು."

ಕಾರ್ಲ್‌ಗೆ ಖುಷಿಯಾಯಿತು. ದುಡ್ಡಿನ ಲೆಕ್ಕ ಹೇಳಿದರೆ ನನಗೆ ತಿಳಿಯುವುದಿಲ್ಲವೆಂದು ಅವರೇ ಊಹಿಸಿ, ಚಾಕು ತೆಗೆದುಕೊಂಡು ಕೇಕನ್ನು ತೋರಿಸಿದರು. ಇದು ನನ್ನ ಪೆನ್ಷನ್ ಅನ್ನಿ ಎಂದರು. ಐದು ಭಾಗದಲ್ಲಿ ಒಂದು ಭಾಗವಾಗುವಂತೆ ಚಾಕು ಇಟ್ಟರು. ಇಷ್ಟು ಮನೆಗೆ.

ಲಿಸ್ಸಿ ಚಾಕನ್ನು ಸ್ವಲ್ಪ ಸರಿಸಿದಳು. "ನಂದು ನಾಲ್ಕರಲ್ಲೊಂದು. ಪೆನ್ಷನ್ ಆದ್ಮೇಲೆ ಇನ್ ಸ್ವಲ್ಪ ಜಾಸ್ತಿ ಆಯ್ತದೆ."

ಮಿಲಾ ನಗುತ್ತಾ ಚಾಕು ತೆಗೆದುಕೊಂಡು ಅರ್ಧದ ಹತ್ತಿರ ಇಟ್ಟಳು. ನನಗೆ ಆಶ್ಚರ್ಯವಾಯಿತು. ಅವಳಿಗೆ ಸಿಕ್ಕಿರುವುದು ನಗರಸಭೆಯ ಮನೆಯಲ್ಲ, ಖಾಸಗಿಯವರದು. ಕರಾರು ಮುಂದಿನ ವರ್ಷ ಮುಗಿಯುತ್ತದೆ. ನಗರಸಭೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾಳೆ. ಲಿಸ್ಸಿಯೂ ಬಂದ ಹೊಸದರಲ್ಲಿ ಹಾಸ್ಟೆಲಿನಲ್ಲಿ, ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದು ಕಾದೇ ಈ ಮನೆ ಪಡೆದದ್ದಂತೆ. ಒಂದೇ ಆಸ್ಪತ್ರೆ, ಒಂದೇ ಕೆಲಸ. ಒಬ್ಬಳು ತಿಂಗಳ ಮೊದಲ ವಾರ ಮನೆಗಾಗಿ ದುಡಿಯುತ್ತಾಳೆ, ಇನ್ನೊಬ್ಬಳು ಮೊದಲ ಎರಡು ವಾರ.

ಎಲ್ಲರೂ ನನ್ನ ಕಡೆ ನೋಡಿದರು. ಚಾಕು ಹಿಡಿದೆ. ಈಗ ಯಜಮಾನರ ಪೆನ್ಷನ್ನು, ನನ್ನ ಹೊಲಿಗೆ ಸೇರಿಸಿದರೆ ಮೂರರಲ್ಲಿ ಒಂದು. ಅಲ್ಲಿ ಇಟ್ಟೆ. ಆಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. "ನನ್ನ ಮಗಳು ಹುಟ್ಟಿದ ವರ್ಷ ಇಷ್ಟು" ಎಂದು ಚಾಕನ್ನು ಅರ್ಧ ದಾಟಿಸಿ ಇಟ್ಟೆ. ಆಗ ಅವರು ದಿನಗೂಲಿಯ ವಾಚರ್. ಸಂಬಳ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಕೊಡಬೇಕು.

ಕಾರ್ಲ್ ಚಾಕಿನ ಆಚೆ ಉಳಿದಿದ್ದ ಭಾಗವನ್ನು ನೋಡಿದರು. ಇಷ್ಟರಲ್ಲಿ ಮಗುವನ್ನು ಹೇಗೆ ಸಾಕಿದಿರಿ ಎಂದು ಕೇಳಿದರಂತೆ.

"ಲಿಸ್ಸಿ ಅಪ್ಪನ ಬೇಕರಿಯಲ್ಲಿ ಸಂಜೆ ಮಿಕ್ಕ ಬನ್ನು ನಮ್ಮನೆಗೆ ಬರ್ತಿತ್ತು ಅಂತ ಹೇಳು" ಅಂದೆ.

ಲಿಸ್ಸಿ ಹೇಳಲಿಲ್ಲ. "ಮಿಕ್ಕಿದ್ದಲ್ಲ ಕಣೆ ಅದು" ಎಂದಳು. "ಅಪ್ಪ ಎತ್ತಿಟ್ಟಿರ್ತಿದ್ರು. ಮಿಕ್ಕಿದ್ದು ಅಂದ್ರೇನೆ ನೀನು ಈಸ್ಕಳದು ಅಂತ." ಮೂವತ್ತೈದು ವರ್ಷ ಆ ಬನ್ನುಗಳು ಮಿಕ್ಕಿದವೆಂದೇ ನಾನು ತಿಳಿದಿದ್ದೆ. ಕಾರ್ಲ್ ಮತ್ತು ಮಿಲಾ ಏನೂ ಕೇಳದೆ ಕಾಫಿ ಕುಡಿದರು. ಆ ಊರಿನವರ ಆ ಗುಣ ಆಗ ನನಗೆ ಇಷ್ಟವಾಯಿತು.

ಕೇಕನ್ನು ಹಂಚಿ ತಿನ್ನುವಾಗ ಕಾರ್ಲ್ ಮತ್ತೊಂದು ಕೇಳಿದರು. ನಿಮ್ಮ ಕರಾರು ಎಷ್ಟು ಕಾಲದ್ದು? ಹನ್ನೊಂದು ತಿಂಗಳು ಅಂದೆ. ಅವರು ಲಿಸ್ಸಿಗೆ ಕನ್ನಡ ಮರೆತಿದೆ, ಹನ್ನೊಂದು ವರ್ಷ ಅನ್ನಬೇಕಿತ್ತು ಎಂದುಕೊಂಡರು. ಅಲ್ಲ, ಹನ್ನೊಂದು ತಿಂಗಳೇ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಹಾಗೆ ಎಂದು ಲಿಸ್ಸಿ ವಿವರಿಸಿದಳು.

"ಎಚ್ಚು ಕಾಲಕ್ಕೆ ಕೊಡಿ ಅಂತ ಕೇಳಿದ್ದೀರಾ ಅಂತವ್ರೆ."

"ಇಲ್ಲ."

"ಯಾಕೆ ಅಂತವ್ರೆ."

ಕೇಳಿದರೆ ಎಲ್ಲಿ ಖಾಲಿ ಮಾಡಿ ಅಂದುಬಿಡುತ್ತಾರೋ ಎಂಬ ಭಯ. ಕೇಳದಿದ್ದರೂ ಅದೇ ಭಯ. ಒಂಬತ್ತು ಮನೆಗಳಲ್ಲಿ ಆ ಭಯ ನನ್ನ ಜೊತೆ ಸಾಮಾನಿನಂತೆಯೇ ಬಂದಿದೆ.

ಉಳಿದ ದಿನಗಳಲ್ಲಿ ಅರಮನೆ ನೋಡಿದೆವು, ನದಿ ನೋಡಿದೆವು. ಅಂಗಳದಲ್ಲಿ ನನ್ನನ್ನು ಕಂಡಾಗಲೆಲ್ಲ ನಾಯಿಯ ಹೆಂಗಸು ಕೀಲಿ ತಿರುಗಿಸುವಂತೆ ಕೈ ಮಾಡಿ ನಗುತ್ತಿದ್ದಳು. ಹೊರಡುವ ದಿನ ಲಿಸ್ಸಿಯನ್ನು ಊರಿಗೆ ಬಂದುಬಿಡು ಎಂದು ಕರೆದೆ. "ಬತ್ತೀನಿ, ನೋಡ್ಕಂಡು ವಾಪಸ್ ಓಯ್ತೀನಿ. ಇದು ನನ್ ಮನೆ ಕಣೆ" ಎಂದಳು. ಬಾಡಿಗೆ ಮನೆಯನ್ನು ನನ್ನ ಮನೆ ಎಂದು ಅಷ್ಟು ಸಲೀಸಾಗಿ ಹೇಳಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮತ್ತೆ ಚಾಮರಾಜನಗರ

ಬಂದು ಒಂದು ವಾರವಾದ ಮೇಲೆ, ಒಂದು ಸೋಮವಾರ ಬೆಳಗ್ಗೆ, ಮೆಟ್ಟಿಲು ಹತ್ತಿ ನಂಜುಂಡಪ್ಪನವರ ಮನೆಗೆ ಹೋದೆ. ಏಳು ವರ್ಷದಲ್ಲಿ ಬಾಡಿಗೆ ಕೊಡಲು ಅವರ ಬಾಗಿಲವರೆಗೆ ಹೋಗಿದ್ದೆನೇ ಹೊರತು ಒಳಗೆ ಹೋಗಿ ಕೂತಿರಲಿಲ್ಲ. ಅವರು ಬನ್ನಿ ಅನ್ನುವುದರೊಳಗೆ ಕುರ್ಚಿಯಲ್ಲಿ ಕೂತೆ. ನಿಂತಿದ್ದರೆ ವಾಪಸು ಬಂದುಬಿಡುತ್ತಿದ್ದೆ.

"ಏನ್ ಗೌರಮ್ಮ, ಫಾರಿನ್ ಎಂಗಿತ್ತು?"

"ಚೆನ್ನಾಗಿತ್ತು ಅಣ್ಣೋರೆ. ಒಂದು ಕೇಳ್ಬೇಕಿತ್ತು. ಈ ಸಲ ಕರಾರು ಮೂರು ವರ್ಷಕ್ಕೆ ಬರೀರಿ. ವರ್ಷ ವರ್ಷ ಬಾಡ್ಗ ಎಷ್ಟು ಏರುಸ್ತೀರಿ ಅನ್ನದ್ನ ಈಗ್ಲೇ ಮಾತಾಡಿ ಅದ್ರಲ್ಲೇ ಬರ್ದುಬುಡಿ."

ಅವರು ಕನ್ನಡಕ ತೆಗೆದರು. "ಯಾಕವ್ವ? ನಾನೇನು ಖಾಲಿ ಮಾಡಿ ಅಂದ್ನಾ?"

"ಅಂದಿಲ್ಲ. ಅನ್ಬುಟ್ರೆ ಅಂತ ಏಳು ವರ್ಸದಿಂದ ಎದುರ್ಕಂಡೇ ಇದ್ದೀನಿ. ಇನ್ ಎದುರ್ಕಂಡು ಇರಾಕಾಗಲ್ಲ ಅಣ್ಣೋರೆ, ವಯಸ್ಸಾಯ್ತು."

ಹೀಗೆ ಹೇಳಬೇಕೆಂದು ನಾನು ಅಂದುಕೊಂಡು ಹೋಗಿರಲಿಲ್ಲ. ನಿಜವಾಗಿಯೂ ಅವರಿಗೆ ಅದು ಗೊತ್ತಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಒಳಗಿನಿಂದ ಅವರ ಹೆಂಡತಿ ಶಿವಮ್ಮನವರು ಮಜ್ಜಿಗೆ ತಂದವರು, "ಬರ್ಕೊಡಿ ಅತ್ಲಾಗಿ. ಇವ್ರ್ ಓದ್ರ ನಂಗ್ ಬ್ಲೌಸ್ ಒಲ್ಕೊಡೋರ್ಯಾರು" ಎಂದರು.

ನಂಜುಂಡಪ್ಪನವರು ವ್ಯಾಪಾರಸ್ಥರು. ಮೂರು ವರ್ಷಕ್ಕೆ ಒಪ್ಪಲಿಲ್ಲ. ಮೊಮ್ಮಗ ಓದಿಗೆ ಬಂದರೆ ಮನೆ ಬೇಕಾಗಬಹುದು ಎಂದರು. ಎರಡು ವರ್ಷಕ್ಕೆ ಬಂದು ನಿಂತೆವು. ಮೊದಲ ವರ್ಷ ಬಾಡಿಗೆ ಏರುವುದಿಲ್ಲ. ಎರಡನೆಯ ವರ್ಷ ಇಷ್ಟೇ ಎಂದು ಈಗಲೇ ಬರೆಯುವುದು. ರಿಜಿಸ್ಟರ್ ಖರ್ಚು ಅರ್ಧ ಅರ್ಧ. "ನಿಮ್ಮುನ್ನ ಫಾರಿನ್ಗ ಕಳ್ಸಿದ್ದೇ ನಂದು ತಪ್ಪಾಯ್ತು" ಎಂದು ನಗುತ್ತಲೇ ಹೇಳಿದರು. ಮಜ್ಜಿಗೆ ಪೂರ್ತಿ ಕುಡಿದು ಇಳಿದು ಬಂದೆ.

ಯಜಮಾನರು ಬಾಗಿಲಲ್ಲಿ ಕಾಯುತ್ತಿದ್ದರು. ಆನೆ ಬರುವ ದಾರಿಯಲ್ಲಿ ಒಬ್ಬರೇ ನಿಂತಿದ್ದವರು, ಅವರಿಗೆ ನಾನು ಮೇಲೆ ಹೋಗಿದ್ದೇ ದಿಗಿಲು.

"ಏನಂದ್ರು?"

"ಎರಡು ವರ್ಷ."

"ಬರ್ದಾ?"

"ಬರ್ದು. ರಿಜಿಸ್ಟರ್ ಮಾಡ್ಸಿ."

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮಧ್ಯಾಹ್ನದ ಊಟಕ್ಕೆ ಬಂದಾಗ ಕೈಯಲ್ಲಿ ಮೊಳದುದ್ದದ ಎರಡು ನುಗ್ಗೆ ಕಡ್ಡಿಗಳಿದ್ದವು. ಹಿತ್ತಿಲ ಮೂಲೆಯಲ್ಲಿ ಕೂತು ಗುಂಡಿ ತೋಡತೊಡಗಿದರು. ಅನ್ನ ಆರುತ್ತದೆ ಬನ್ನಿ ಎಂದು ಕರೆದೆ.

"ಇರು ಕಣಮ್ಮಿ" ಎಂದರು ತಲೆಯೆತ್ತದೆ. "ನುಗ್ಗ ವರ್ಸಕ್ಕೆ ಕಾಯಿ ಬುಡ್ತದ. ಇನ್ನೊಂದ್ ವರ್ಸ ನಾವೇ ತಿನ್ಬೌದು."